ಕಡ್ಡಾಯ ಯಾರಿಗೆ? ಶಾಲೆಗೋ, ಮಗುವಿನ ಗಂಟಲಿಗೋ?

ಇವತ್ತು ಒಂದು ನೇರ ಪ್ರಶ್ನೆ. ಶಾಲೆಯಲ್ಲಿ ಮಕ್ಕಳು ರಾಷ್ಟ್ರಗೀತೆ ಹಾಡೋದನ್ನ ಕಡ್ಡಾಯ ಮಾಡಬೇಕಾ, ಬೇಡ್ವಾ?

ಕೇಳಿದ ತಕ್ಷಣ ಅರ್ಧ ಜನ ಎದ್ದು ನಿಂತು ಹೇಳ್ತಾರೆ: ‘ಇದರಲ್ಲಿ ಕೇಳೋದೇನಿದೆ ಸ್ವಾಮಿ? ಈ ದೇಶದ ಅನ್ನ ತಿಂದ ಮೇಲೆ ಹಾಡಲೇಬೇಕು.’ ಇನ್ನರ್ಧ ಜನ ಹೇಳ್ತಾರೆ: ‘ದೇಶಭಕ್ತಿ ಒಳಗಿಂದ ಬರಬೇಕು, ಬಲವಂತದಿಂದ ಅಲ್ಲ.’ ನಮ್ಮ ಸ್ಟುಡಿಯೋದಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿದರೆ ಒಂದು ಗಂಟೆ ಆರಾಮಾಗಿ ಕಳೆದುಹೋಗುತ್ತೆ. ಆದರೆ ಇಬ್ಬರೂ ಒಂದು ಸಣ್ಣ ಪ್ರಶ್ನೆ ಕೇಳಿಕೊಂಡಿರಲ್ಲ. ಕಡ್ಡಾಯ ಅಂದರೆ ಯಾರಿಗೆ ಕಡ್ಡಾಯ? ಶಾಲೆಗಾ, ಮಗುವಿಗಾ? ಪದ ಒಂದೇ. ಆದರೆ ಅದು ಯಾರ ಹೆಗಲ ಮೇಲೆ ಕೂರುತ್ತೆ ಅನ್ನೋದರ ಮೇಲೆ ಇಡೀ ಉತ್ತರ ಬದಲಾಗುತ್ತೆ.

ಮೊದಲು ನಮ್ಮ ರಾಜ್ಯದ ವಿಷಯ ನೋಡೋಣ. 2022ರ ಆಗಸ್ಟ್ ತಿಂಗಳು. ಸ್ವಾತಂತ್ರ್ಯದ 75ನೇ ವರ್ಷದ ಸಂಭ್ರಮ ಮುಗಿದು ಎರಡೇ ದಿನ ಆಗಿತ್ತು. ಆಗಸ್ಟ್ 17ರಂದು ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿತು. ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳಲ್ಲಿ ಮತ್ತು ಪದವಿಪೂರ್ವ ಕಾಲೇಜುಗಳಲ್ಲಿ ಬೆಳಗಿನ ಪ್ರಾರ್ಥನೆ ವೇಳೆ ರಾಷ್ಟ್ರಗೀತೆ ಸಾಮೂಹಿಕವಾಗಿ ಹಾಡಿಸಲೇಬೇಕು ಅನ್ನೋ ಆದೇಶ ಅದು. ಕರ್ನಾಟಕ ಶಿಕ್ಷಣ ಕಾಯ್ದೆಯ 133(2)ನೇ ಕಲಂನ ಅಧಿಕಾರ ಬಳಸಿ ಹೊರಡಿಸಿದ್ದು.

ಈ ಆದೇಶ ಯಾಕೆ ಬೇಕಾಯ್ತು? ಯಾವುದೋ ಮಗು ‘ನಾನು ಹಾಡಲ್ಲ’ ಅಂದಿದ್ದಕ್ಕಾ? ಅಲ್ಲ. ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಬೆಳಗ್ಗೆ ರಾಷ್ಟ್ರಗೀತೆಯನ್ನೇ ಹಾಡಿಸ್ತಿಲ್ಲ ಅಂತ ದೂರು ಬಂದಿತ್ತು. ಬೆಂಗಳೂರು ಉತ್ತರ ಮತ್ತು ದಕ್ಷಿಣದ ಉಪನಿರ್ದೇಶಕರು ಶಾಲೆಗಳಿಗೆ ಹೋಗಿ ನೋಡಿದಾಗ ಅದು ನಿಜ ಅಂತ ಗೊತ್ತಾಯ್ತು. ಆದೇಶದಲ್ಲಿ ಇನ್ನೊಂದು ಮಾತೂ ಇತ್ತು. ಎಲ್ಲರನ್ನೂ ಒಟ್ಟಿಗೆ ನಿಲ್ಲಿಸೋಕೆ ಜಾಗ ಇಲ್ಲದಿದ್ದರೆ ತರಗತಿಯಲ್ಲೇ ಹಾಡಿಸಿ ಅಂತ. ಈ ಒಂದು ಸಾಲಿನಿಂದಲೇ ಅರ್ಥ ಆಗುತ್ತೆ, ಸರ್ಕಾರದ ಕಣ್ಣ ಮುಂದೆ ಇದ್ದಿದ್ದು ಮೈದಾನವೇ ಇಲ್ಲದ ಕಟ್ಟಡಗಳು. ಅಂದರೆ ಕರ್ನಾಟಕದ ಸಮಸ್ಯೆ ಹಾಡದ ಮಕ್ಕಳದ್ದಲ್ಲ, ಹಾಡಿಸದ ಶಾಲೆಗಳದ್ದು.

ನಮ್ಮ ಬಳ್ಳಾರಿ ಕಡೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ಸಂಗನಕಲ್ಲು, ಕುರುಗೋಡು, ಸಿರುಗುಪ್ಪ, ಈ ಭಾಗದ ಹಳ್ಳಿಯ ಸರ್ಕಾರಿ ಶಾಲೆಗಳ ಬೆಳಗನ್ನ ನೆನಪು ಮಾಡಿಕೊಳ್ಳಿ. ಬೆಲ್ ಹೊಡೀತಾರೆ, ಮಕ್ಕಳು ಸಾಲು ನಿಲ್ಲುತ್ತಾರೆ, ಸಾವಧಾನ್, ವಿಶ್ರಾಮ್, ನಾಡಗೀತೆ, ಪೇಪರ್ ಓದೋದು, ಕೊನೆಗೆ ರಾಷ್ಟ್ರಗೀತೆ. ಬಿಸಿಲು ಏರೋಕೆ ಮುಂಚೆ ಎಲ್ಲ ಮುಗಿದು ಮಕ್ಕಳು ಒಳಗೆ ಹೋಗ್ತಾರೆ. ಇಲ್ಲಿ ಯಾರಿಗೂ ಆದೇಶ ಓದಿ ಹೇಳಬೇಕಾಗಿಲ್ಲ. ಲಕ್ಷಗಟ್ಟಲೆ ಫೀಸು ತಗೊಂಡು ಬೆಳಗಿನ ಪ್ರಾರ್ಥನೆಗೆ ಜಾಗ, ಸಮಯ ಇಲ್ಲ ಅನ್ನೋ ಶಾಲೆಗಳಿದ್ದರೆ ಅಂಥವಕ್ಕೆ ಬೇಕಾಗಿದ್ದ ಆದೇಶ ಅದು. ಪೂರ್ತಿ ರಾಷ್ಟ್ರಗೀತೆಗೆ ಬೇಕಾಗೋದು ಸುಮಾರು 52 ಸೆಕೆಂಡು. ಒಂದು ನಿಮಿಷವೂ ಇಲ್ಲ ಅನ್ನೋ ಶಾಲೆಗೆ ಸರ್ಕಾರ ಕಿವಿ ಹಿಂಡಿದರೆ ಅದರಲ್ಲಿ ತಪ್ಪೇನಿದೆ? ನನ್ನ ಪ್ರಕಾರ ಏನೂ ಇಲ್ಲ.

ಈಗ ನಾಣ್ಯದ ಇನ್ನೊಂದು ಮುಖ. ಶಾಲೆ ಹಾಡಿಸ್ತಿದೆ, ಎಲ್ಲರೂ ಹಾಡ್ತಿದ್ದಾರೆ, ಒಂದು ಮಗು ಮಾತ್ರ ಸುಮ್ಮನೆ ನಿಂತಿದೆ. ಆಗ ಏನು ಮಾಡಬೇಕು?

ಇದು ಊಹೆಯ ಪ್ರಶ್ನೆ ಅಲ್ಲ. ಸುಪ್ರೀಂ ಕೋರ್ಟ್‌ವರೆಗೆ ಹೋಗಿ ತೀರ್ಮಾನ ಆಗಿರೋ ಪ್ರಶ್ನೆ. ಕೇರಳದಲ್ಲಿ 1985ರಲ್ಲಿ ನಡೆದ ಘಟನೆ. ಒಂದೇ ಮನೆಯ ಮೂವರು ಮಕ್ಕಳು, ಹತ್ತು, ಒಂಬತ್ತು ಮತ್ತು ಐದನೇ ತರಗತಿಯಲ್ಲಿ ಓದ್ತಿದ್ದರು. ‘ಯೆಹೋವನ ಸಾಕ್ಷಿಗಳು’ ಅನ್ನೋ ಕ್ರೈಸ್ತ ಪಂಥದವರು. ದೇವರನ್ನು ಬಿಟ್ಟು ಬೇರೆ ಯಾವುದಕ್ಕೂ ಸ್ತುತಿ ಹಾಡಬಾರದು ಅಂತ ಆ ಪಂಥದ ನಂಬಿಕೆ. ಭಾರತದ್ದು ಮಾತ್ರ ಅಲ್ಲ, ಯಾವ ದೇಶದ ರಾಷ್ಟ್ರಗೀತೆಯನ್ನೂ ಅವರು ಹಾಡಲ್ಲ. ಆ ಮಕ್ಕಳು ಪ್ರತಿದಿನ ಪ್ರಾರ್ಥನೆಗೆ ಬರ್ತಿದ್ದರು. ರಾಷ್ಟ್ರಗೀತೆ ಶುರುವಾದಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಹಾಡ್ತಿರಲಿಲ್ಲ, ಅಷ್ಟೇ. ವರ್ಷಗಳಿಂದ ಹೀಗೇ ನಡೆದಿತ್ತು. ಯಾವ ಮೇಷ್ಟ್ರಿಗೂ ಅದು ಸಮಸ್ಯೆ ಅನ್ನಿಸಿರಲಿಲ್ಲ.

ಒಂದು ದಿನ ಒಬ್ಬ ಶಾಸಕರ ಕಣ್ಣಿಗೆ ಬಿತ್ತು. ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಿತು. ವಿಚಾರಣೆಗೆ ಆಯೋಗ ಬಂತು. ‘ಈ ಮಕ್ಕಳು ಕಾನೂನು ಪಾಲಿಸುವವರು, ಅಗೌರವ ತೋರಿಸಿಲ್ಲ’ ಅಂತಲೇ ಆಯೋಗ ವರದಿ ಕೊಟ್ಟಿತು ಅಂತ ಮುಂದೆ ಕೋರ್ಟಿಗೆ ತಿಳಿಸಲಾಯಿತು. ಆದರೂ ಮೇಲಿನ ಅಧಿಕಾರಿಯ ಸೂಚನೆ ಬಂತು, 1985ರ ಜುಲೈ 26ರಂದು ಮೂವರನ್ನೂ ಶಾಲೆಯಿಂದ ಹೊರಗೆ ಹಾಕಿದರು. ತಂದೆ ಹೈಕೋರ್ಟಿಗೆ ಹೋದರು. ಅಲ್ಲಿ ಸೋತರು. ರಾಷ್ಟ್ರಗೀತೆಯ ಒಂದೊಂದು ಪದವನ್ನೂ ನೋಡಿದ್ದೇವೆ, ಯಾರ ಧರ್ಮಕ್ಕೂ ನೋವಾಗುವಂಥದ್ದು ಅದರಲ್ಲಿ ಏನೂ ಇಲ್ಲ ಅಂತ ಹೈಕೋರ್ಟ್ ಹೇಳಿತು.

ಸುಪ್ರೀಂ ಕೋರ್ಟ್ 1986ರ ಆಗಸ್ಟ್ 11ರಂದು ಆ ತೀರ್ಪನ್ನು ತಿರುಗಿಸಿತು. ಬಿಜೋಯ್ ಇಮ್ಯಾನುಯೆಲ್ ಪ್ರಕರಣ ಅಂತಲೇ ಇದು ಹೆಸರಾಗಿದೆ. ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ಈ ಹೆಸರು ಕನ್ನಡಿಗರಿಗೆ ಹೊಸದಲ್ಲ. ಮುಂದೆ ನಮ್ಮ ರಾಜ್ಯದ ಮೂರನೇ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ 1990ರಲ್ಲಿ ವರದಿ ಕೊಟ್ಟ ಅದೇ ಚಿನ್ನಪ್ಪ ರೆಡ್ಡಿ ಇವರು.

ಅವರು ಹೇಳಿದ್ದೇನು? ಸರಳವಾಗಿ ನೋಡೋಣ.

ಒಂದು, ರಾಷ್ಟ್ರಗೀತೆ ಹಾಡಲೇಬೇಕು ಅಂತ ಯಾವ ಕಾನೂನೂ ಯಾರಿಗೂ ಹೇಳಲ್ಲ. ನಮ್ಮಲ್ಲಿ 1971ರ ರಾಷ್ಟ್ರೀಯ ಗೌರವ ಅವಮಾನ ತಡೆ ಕಾಯ್ದೆ ಇದೆ. ಅದರ 3ನೇ ಕಲಂ ಪ್ರಕಾರ ಬೇಕಂತಲೇ ರಾಷ್ಟ್ರಗೀತೆ ಹಾಡೋದನ್ನ ತಡೆದರೆ, ಅಥವಾ ಹಾಡ್ತಿರೋ ಸಭೆಗೆ ಅಡ್ಡಿ ಮಾಡಿದರೆ, ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಗಮನಿಸಿ, ತಡೆಯೋದು ಅಪರಾಧ, ಗಲಾಟೆ ಮಾಡೋದು ಅಪರಾಧ. ಸುಮ್ಮನೆ ನಿಲ್ಲೋದು ಅಪರಾಧ ಅಲ್ಲ.

ಎರಡು, ಸಂವಿಧಾನದ 51ಎ ವಿಧಿ ರಾಷ್ಟ್ರಗೀತೆಯನ್ನು ಗೌರವಿಸೋದು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ ಅನ್ನುತ್ತೆ. ಗೌರವ ಅಂದರೆ ಹಾಡೋದೇ ಅಂತ ಅರ್ಥ ಅಲ್ಲ. ಎದ್ದು ನಿಂತರೆ ಗೌರವ ಕೊಟ್ಟ ಹಾಗೆಯೇ.

ಮೂರು, 19ನೇ ವಿಧಿ ಕೊಡೋ ಮಾತಿನ ಸ್ವಾತಂತ್ರ್ಯದಲ್ಲಿ ಮೌನವಾಗಿರೋ ಸ್ವಾತಂತ್ರ್ಯವೂ ಸೇರಿದೆ. 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಹಾಡಿನ ಪದಗಳಲ್ಲಿ ತಪ್ಪಿದೆಯಾ ಇಲ್ಲವಾ ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ಆ ಮಕ್ಕಳ ನಂಬಿಕೆ ಪ್ರಾಮಾಣಿಕವಾ ಅನ್ನೋದು ಪ್ರಶ್ನೆ. ಅದು ಪ್ರಾಮಾಣಿಕ ಅಂತ ಕೋರ್ಟಿಗೆ ಮನವರಿಕೆ ಆಯ್ತು. ನಮ್ಮ ಪರಂಪರೆ, ನಮ್ಮ ತತ್ವಜ್ಞಾನ, ನಮ್ಮ ಸಂವಿಧಾನ ಮೂರೂ ಕಲಿಸಿರೋ ಸಹನೆಯನ್ನು ತೆಳು ಮಾಡಬೇಡಿ ಅನ್ನೋ ಅರ್ಥದ ಮಾತಿನಿಂದ ತೀರ್ಪು ಮುಗಿಯುತ್ತೆ.

ಇಲ್ಲೊಂದು ಲೆಕ್ಕ ಹಾಕಿ. ಹೊರಗೆ ಹಾಕಿದ್ದು 1985ರ ಜುಲೈ 26. ನ್ಯಾಯ ಸಿಕ್ಕಿದ್ದು 1986ರ ಆಗಸ್ಟ್ 11. ಒಂದು ವರ್ಷಕ್ಕೂ ಹೆಚ್ಚು. ಹತ್ತನೇ ಕ್ಲಾಸಿನ ಮಗುವಿಗೆ ಒಂದು ವರ್ಷ ಅಂದರೆ ಏನು ಅಂತ ಮನೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿರೋರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಗೆದ್ದ ಮೇಲೂ ಆ ವರ್ಷ ವಾಪಸ್ ಬರಲ್ಲ. ಕಡ್ಡಾಯ ಅನ್ನೋ ಪದ ಮಗುವಿನ ಮೇಲೆ ಬಿದ್ದಾಗ ಅದರ ಬೆಲೆ ಕಟ್ಟೋದು ಹೀಗೆ.

ಈ ತೀರ್ಪು ಹಳೇ ಕಾಗದ ಅಂದುಕೊಳ್ಳಬೇಡಿ. 2022ರ ಅಕ್ಟೋಬರ್ 13ರಂದು ನಮ್ಮದೇ ರಾಜ್ಯದ ಹಿಜಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರಲ್ಲ, ಅಲ್ಲೂ ಇದೇ ಕೇಸು ಚರ್ಚೆಗೆ ಬಂತು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅದನ್ನು ಆಧಾರವಾಗಿ ತೆಗೆದುಕೊಂಡರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಇದು ಇಲ್ಲಿಗೆ ಅನ್ವಯಿಸಲ್ಲ ಅಂದರು. ಆ ವಿವಾದ ಬೇರೆ, ಅದರ ಒಳಗೆ ನಾನು ಇವತ್ತು ಹೋಗಲ್ಲ. ಹೇಳಬೇಕಾಗಿದ್ದು ಇಷ್ಟೇ: ಶಾಲೆಯ ಗೇಟಿನ ಒಳಗೆ ಮಗುವಿನ ಹಕ್ಕು ಎಷ್ಟು ಅನ್ನೋ ಪ್ರಶ್ನೆ ಎದ್ದಾಗಲೆಲ್ಲ ವಕೀಲರು ಆ ಮೂವರು ಮಕ್ಕಳ ಹತ್ತಿರವೇ ವಾಪಸ್ ಹೋಗ್ತಾರೆ.

ಇನ್ನು ಕೇಂದ್ರ ಸರ್ಕಾರ ಏನು ಹೇಳುತ್ತೆ? ಗೃಹ ಸಚಿವಾಲಯದ ರಾಷ್ಟ್ರಗೀತೆ ಕುರಿತ ಆದೇಶಗಳನ್ನು ಓದಿದರೆ ಒಂದು ಸೂಕ್ಷ್ಮ ಕಾಣುತ್ತೆ. ರಾಷ್ಟ್ರಗೀತೆ ನುಡಿಸುವಾಗ, ಹಾಡುವಾಗ ಸಭಿಕರು ಸಾವಧಾನ ಭಂಗಿಯಲ್ಲಿ ನಿಲ್ಲಬೇಕು. ಇಲ್ಲಿ ‘ಬೇಕು’ ಇದೆ. ಶಾಲೆಗಳ ದಿನದ ಕೆಲಸ ಸಾಮೂಹಿಕ ಗಾಯನದಿಂದ ಶುರುವಾಗಬಹುದು. ಇಲ್ಲಿ ‘ಬಹುದು’ ಇದೆ. ಮಕ್ಕಳಲ್ಲಿ ರಾಷ್ಟ್ರಗೀತೆ ಜನಪ್ರಿಯ ಆಗೋ ಹಾಗೆ ಶಾಲೆಯವರು ವ್ಯವಸ್ಥೆ ಮಾಡಬೇಕು ಅಂತಲೂ ಇದೆ. ಮತ್ತೆ ನೋಡಿ, ಜವಾಬ್ದಾರಿ ಹಾಕಿರೋದು ಶಾಲೆಯ ಮೇಲೆ.

ಈಗ ಆ ಕಡೆಯವರ ವಾದಕ್ಕೂ ಸರಿಯಾದ ಜಾಗ ಕೊಡಬೇಕು. ಅವರು ಕೇಳೋ ಪ್ರಶ್ನೆ ಗಟ್ಟಿಯಾಗಿದೆ. ಗಣಿತ ಕಡ್ಡಾಯ, ಯೂನಿಫಾರ್ಮ್ ಕಡ್ಡಾಯ, ಹಾಜರಿ ಕಡ್ಡಾಯ. ಮಗುವಿನ ಒಪ್ಪಿಗೆ ಕೇಳಿ ಗಣಿತ ಕಲಿಸ್ತೀವಾ? ಹಾಗಿದ್ದ ಮೇಲೆ ರಾಷ್ಟ್ರಗೀತೆಗೆ ಮಾತ್ರ ಯಾಕೆ ವಿನಾಯಿತಿ?

ಉತ್ತರ ಇಲ್ಲಿದೆ. ರಾಷ್ಟ್ರಗೀತೆಯನ್ನು ಕಲಿಸೋದು ಗಣಿತದ ಹಾಗೆಯೇ ಕಡ್ಡಾಯ ಆಗಲಿ, ಯಾರೂ ಬೇಡ ಅನ್ನಲ್ಲ. ಅದರ ಪದ, ರಾಗ, ಅರ್ಥ, ಇತಿಹಾಸ ಪ್ರತಿ ಮಗುವಿಗೂ ಗೊತ್ತಿರಲಿ. ಆದರೆ ಮಗ್ಗಿ ಹೇಳೋದು ಮತ್ತು ನಿಷ್ಠೆ ಹೇಳೋದು ಎರಡೂ ಒಂದಲ್ಲ. ಏಳೆಂಟಲಿ ಐವತ್ತಾರು ಅನ್ನೋಕೆ ಯಾರೂ ನಂಬಿಕೆ ಇಡಬೇಕಾಗಿಲ್ಲ. ಅದು ಮನಸ್ಸಿಲ್ಲದೆ ಹೇಳಿದರೂ ಐವತ್ತಾರೇ. ರಾಷ್ಟ್ರಗೀತೆ ಹಾಗಲ್ಲ. ಮನಸ್ಸಿಲ್ಲದ ಬಾಯಿಂದ ಬಂದರೆ ಅದರ ಬೆಲೆ ಏನು?

ನಾನು ಎಂಜಿನಿಯರಿಂಗ್ ಓದಿದವನು. ಲ್ಯಾಬಿನಲ್ಲಿ ಮೊದಲು ಹೇಳಿಕೊಡೋ ಪಾಠ ಇದು: ಕೈಯಲ್ಲಿರೋ ಮೀಟರ್ ಏನನ್ನು ಅಳೆಯುತ್ತೆ ಅಂತ ತಿಳಿದುಕೊಂಡು ಆಮೇಲೆ ರೀಡಿಂಗ್ ಬರಿ. ವೋಲ್ಟ್‌ಮೀಟರ್ ಹಿಡಿದು ಅಕ್ಕಿ ತೂಗೋಕೆ ಆಗಲ್ಲ. ಮಗುವಿನ ತುಟಿ ಅಲ್ಲಾಡ್ತಿದೆಯಾ ಅಂತ ನೋಡಿದರೆ ನಿಮಗೆ ಸಿಗೋದು ತುಟಿ ಅಲ್ಲಾಡಿದ ಲೆಕ್ಕ. ದೇಶಪ್ರೇಮದ ಲೆಕ್ಕ ಅಲ್ಲ. ಇನ್ನೂರು ಮಕ್ಕಳಲ್ಲಿ ಎಷ್ಟು ಜನ ನಿಜವಾಗಿ ಹಾಡ್ತಾರೆ, ಎಷ್ಟು ಜನ ಬಾಯಿ ಮಾತ್ರ ತೆರೀತಾರೆ, ಪ್ರಾರ್ಥನೆ ನಡೆಸೋ ಯಾವ ಪಿಟಿ ಮೇಷ್ಟ್ರನ್ನಾದರೂ ಕೇಳಿ. ಬಾಯಿ ಆಡಿಸಿ ಮೋಸ ಮಾಡೋ ಮಗು ಪಾಸು, ನಂಬಿಕೆಗಾಗಿ ಸುಮ್ಮನೆ ನಿಂತು ನಿಜ ಹೇಳೋ ಮಗು ಫೇಲು ಅಂದರೆ ನಾವು ಕಲಿಸ್ತಿರೋದು ಏನು?

ಇನ್ನೊಂದು ಭಯ: ‘ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಬೇಡ ಅಂತಾರೆ.’ 1986ರಿಂದ ಇಲ್ಲಿಯವರೆಗೆ ಈ ತೀರ್ಪು ಜಾರಿಯಲ್ಲಿದೆ. ದೇಶದ ಶಾಲೆಗಳು ಮೌನವಾಗಿಬಿಟ್ಟವಾ? ಇಲ್ಲ. ಅಮೆರಿಕದಲ್ಲೂ ಇದೇ ಭಯ ಇತ್ತು. ಅಲ್ಲಿ 1940ರಲ್ಲಿ ಸುಪ್ರೀಂ ಕೋರ್ಟ್, ಮಕ್ಕಳು ಧ್ವಜಕ್ಕೆ ವಂದಿಸಲೇಬೇಕು ಅಂದಿತು. ಆಮೇಲೆ ಇದೇ ಯೆಹೋವನ ಸಾಕ್ಷಿಗಳ ಮೇಲೆ ಹಲವು ಊರುಗಳಲ್ಲಿ ಹಲ್ಲೆ ನಡೆಯಿತು. ಮೂರೇ ವರ್ಷಕ್ಕೆ, 1943ರ ಜೂನ್ 14ರಂದು, ಅದೇ ಕೋರ್ಟ್ ಬಾರ್ನೆಟ್ ಪ್ರಕರಣದಲ್ಲಿ ತನ್ನ ತೀರ್ಪನ್ನು ತಾನೇ ತಳ್ಳಿಹಾಕಿತು. ಎರಡನೇ ಮಹಾಯುದ್ಧ ಜೋರಾಗಿ ನಡೀತಿದ್ದ ಹೊತ್ತು ಅದು. ಯುದ್ಧದ ನಡುವೆಯೇ ಒಂದು ದೇಶ ತನ್ನ ಮಕ್ಕಳಿಗೆ ಆ ಸ್ವಾತಂತ್ರ್ಯ ಕೊಟ್ಟಿತು, ಆ ಯುದ್ಧವನ್ನೂ ಗೆದ್ದಿತು.

ಈಗ ಬಳ್ಳಾರಿಗೆ ವಾಪಸ್ ಬರೋಣ. ಯಾಕೆಂದರೆ ರಾಷ್ಟ್ರಗೀತೆ ಯಾಕೆ ಬೇಕು ಅನ್ನೋದಕ್ಕೆ ಒಳ್ಳೇ ಉತ್ತರ ಇಲ್ಲೇ ಇದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಆ ದಿನ ಆಂಧ್ರ ರಾಜ್ಯ ಹುಟ್ಟಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು, ಬಳ್ಳಾರಿ, ಸಿರುಗುಪ್ಪ ಸೇರಿದಂತೆ ಉಳಿದವು ಮೈಸೂರು ರಾಜ್ಯಕ್ಕೆ ಬಂದವು. ಬಳ್ಳಾರಿ ಯಾರದ್ದು ಅನ್ನೋದಕ್ಕೆ ದೊಡ್ಡ ಹೋರಾಟವೇ ಆಯ್ತು. ಇವತ್ತಿಗೂ ಇಲ್ಲಿಂದ ಸ್ವಲ್ಪ ದೂರ ಹೋದರೆ ಗಡಿ. ಗಡಿ ದಾಟಿದರೆ ಶಾಲೆಯ ನಾಡಗೀತೆ ಬದಲಾಗುತ್ತೆ. ಇಲ್ಲಿ ಕುವೆಂಪು ಬರೆದದ್ದು, ಅಲ್ಲಿ ತೆಲುಗು ತಾಯಿಯ ಹಾಡು. ಬದಲಾಗದೆ ಉಳಿಯೋದು ರಾಷ್ಟ್ರಗೀತೆ ಮಾತ್ರ. ಮನೆಯಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತಾಡೋ ಮಕ್ಕಳು ಒಂದೇ ಮೈದಾನದಲ್ಲಿ ನಿಂತು, ಇವರಲ್ಲಿ ಯಾರ ಮನೆಮಾತೂ ಅಲ್ಲದ, ಬಂಗಾಳದ ಕವಿ ಸಂಸ್ಕೃತ ತುಂಬಿದ ಬಂಗಾಳಿಯಲ್ಲಿ ಬರೆದ ಹಾಡನ್ನ ತಮ್ಮದು ಅಂತ ಹಾಡ್ತಾರೆ. ಇದು ಸಣ್ಣ ವಿಷಯ ಅಲ್ಲ.

ಒಟ್ಟಿಗೆ ಸೇರಿ ದನಿ ಎತ್ತೋದು ಈ ನೆಲಕ್ಕೆ ಹೊಸದೂ ಅಲ್ಲ. ಸಂಗನಕಲ್ಲು–ಕುಪ್ಪಗಲ್ಲಿನ ಹಿರೇಗುಡ್ಡದಲ್ಲಿ ಹೊಡೆದರೆ ಗಂಟೆಯ ಹಾಗೆ ನಾದ ಕೊಡೋ ಕಪ್ಪು ಬಂಡೆಗಳಿವೆ. ಮತ್ತೆ ಮತ್ತೆ ಕಲ್ಲಿನಿಂದ ಬಡಿದು ಅವುಗಳ ಮೈಯಲ್ಲಿ ಕುಳಿ ಬಿದ್ದಿದೆ. ನವಶಿಲಾಯುಗದ ಜನ ಏನೋ ಆಚರಣೆಗೆ ಇವನ್ನು ನುಡಿಸ್ತಿದ್ದಿರಬಹುದು ಅನ್ನೋದು ಪುರಾತತ್ವ ತಜ್ಞರ ಅಂದಾಜು.

ಹಾಗಿದ್ದರೆ ರಾಷ್ಟ್ರಗೀತೆ ಎಲ್ಲರ ಬಾಯಿಗೆ ಬಂದಿದ್ದು ಹೇಗೆ? ಆದೇಶದಿಂದಲಾ? 1911ರ ಡಿಸೆಂಬರ್ 27ರಂದು ಕಲ್ಕತ್ತಾದ ಕಾಂಗ್ರೆಸ್ ಅಧಿವೇಶನದಲ್ಲಿ ಮೊದಲು ಹಾಡಿದರು. 1919ರಲ್ಲಿ ರವೀಂದ್ರನಾಥ ಠಾಕೂರರು ನಮ್ಮ ಪಕ್ಕದ ರಾಯಲಸೀಮೆಯ ಮದನಪಲ್ಲಿಗೆ ಬಂದಿದ್ದರು. ಅಲ್ಲಿನ ಥಿಯಾಸಾಫಿಕಲ್ ಕಾಲೇಜಿನಲ್ಲಿ ತಾವೇ ಹಾಡಿ ಕೇಳಿಸಿದರು, ಇಂಗ್ಲಿಷಿಗೂ ಅನುವಾದ ಮಾಡಿಕೊಟ್ಟರು. ಮಾರ್ಗರೆಟ್ ಕಸಿನ್ಸ್ ಸ್ವರ ಬರೆದುಕೊಂಡರು. ಕಾಲೇಜಿನವರು ಅದನ್ನೇ ತಮ್ಮ ಪ್ರಾರ್ಥನೆ ಮಾಡಿಕೊಂಡರು. ಆಗ ಬ್ರಿಟಿಷರ ಆಳ್ವಿಕೆ. ಅದನ್ನು ಹಾಡಿ ಅಂತ ಆದೇಶ ಕೊಡೋಕೆ ಯಾವ ಸರ್ಕಾರವೂ ಇರಲಿಲ್ಲ. ಇಷ್ಟ ಆಯ್ತು, ಹಾಡಿದರು. 1950ರ ಜನವರಿ 24ರಂದು ಸಂವಿಧಾನ ಸಭೆಯಲ್ಲಿ ರಾಜೇಂದ್ರ ಪ್ರಸಾದರು ಅದನ್ನು ರಾಷ್ಟ್ರಗೀತೆ ಅಂತ ಪ್ರಕಟಿಸೋ ಹೊತ್ತಿಗೆ ದೇಶದ ಜನರಿಗೆ ಅದು ಚಿರಪರಿಚಿತ ಆಗಿತ್ತು.

ಹಾಗಾದರೆ ಈಗ ಮಾಡಬೇಕಾಗಿದ್ದು ಏನು? ಮೂರು ಕೆಲಸ.

ಶಾಲೆಗೆ ಕಡ್ಡಾಯ ಇರಲಿ, ಅದೂ ಬಿಗಿಯಾಗಿ. ಜಾಗ ಇಲ್ಲ, ಸಮಯ ಇಲ್ಲ ಅನ್ನೋ ನೆಪ ನಡೆಯಬಾರದು. ಹಾಗೆಯೇ ಶಾಲೆ ಹಾಡಿಸಿ ಕೈ ತೊಳೆದುಕೊಳ್ಳಬಾರದು, ಅರ್ಥ ಹೇಳಿಕೊಡಬೇಕು. ಉತ್ಕಲ ಅಂದರೆ ಒಡಿಶಾ, ವಂಗ ಅಂದರೆ ಬಂಗಾಳ ಅಂತ ಎಷ್ಟು ಮಕ್ಕಳಿಗೆ ಗೊತ್ತು? ಸಿಂಧ್ ಪಾಕಿಸ್ತಾನದಲ್ಲಿದೆಯಲ್ಲ ಸಾರ್, ನಮ್ಮ ಹಾಡಲ್ಲಿ ಯಾಕಿದೆ ಅಂತ ಮಗು ಕೇಳಿದರೆ ಬೈಯಬಾರದು. ಅದೇ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿತ್ತು, ಆ ಪದ ತೆಗೆಯಬೇಕಾಗಿಲ್ಲ ಅಂತ 2005ರಲ್ಲಿ ತೀರ್ಮಾನ ಆಗಿದೆ ಅಂತ ಹೇಳಿಕೊಡಬೇಕು.

ಮಗುವಿನಿಂದ ಕೇಳಬೇಕಾಗಿದ್ದು ಗೌರವ. ಎದ್ದು ನಿಲ್ಲಲಿ, ಗಲಾಟೆ ಮಾಡದಿರಲಿ. ಬೇಕಂತಲೇ ಕಿಚಾಯಿಸೋ, ಅಡ್ಡಿ ಮಾಡೋ ಹುಡುಗನಿಗೆ ಶಾಲೆ ತನ್ನ ಶಿಸ್ತಿನ ಪಾಠ ಹೇಳಲಿ. ಸುಮ್ಮನೆ ನಿಂತ ಮಗುವಿನ ಹತ್ತಿರ ಮೇಷ್ಟ್ರು ಹೋಗಿ ಪಕ್ಕಕ್ಕೆ ಕರೆದು ಕೇಳಲಿ, ‘ಯಾಕಮ್ಮಾ, ಹುಷಾರಿಲ್ವಾ? ಪದ ಬರಲ್ವಾ?’ ಅಂತ. ಉಗ್ಗು ಇರಬಹುದು. ಬೇರೆ ರಾಜ್ಯದಿಂದ ನಿನ್ನೆ ಮೊನ್ನೆ ಬಂದು ಸೇರಿದ ಕೂಲಿಯವರ ಮಗು ಇರಬಹುದು. ಬೆಳಗ್ಗೆ ತಿಂಡಿ ತಿನ್ನದೆ ಬಂದು ತಲೆ ಸುತ್ತುತ್ತಿರಬಹುದು. ಧರ್ಮದ ನಂಬಿಕೆ ಕಾರಣ ಆದರೆ 1986ರ ತೀರ್ಪು ಇದೆ. ಯಾವ ಕಾರಣಕ್ಕೂ ಟಿ.ಸಿ. ಕೊಟ್ಟು ಕಳಿಸೋ ಮಾತು ಬರಬಾರದು.

ಮೂರನೆಯದು ನಮಗೆ ನಿಮಗೆ, ಅಂದರೆ ದೊಡ್ಡವರಿಗೆ. ಹತ್ತು ಸೆಕೆಂಡಿನ ಮೊಬೈಲ್ ವಿಡಿಯೊ ಬರುತ್ತೆ: ‘ನೋಡಿ, ಈ ಮಗು ರಾಷ್ಟ್ರಗೀತೆ ಹಾಡ್ತಿಲ್ಲ.’ ಫಾರ್ವರ್ಡ್ ಮಾಡೋ ಮುಂಚೆ ಒಂದೇ ಪ್ರಶ್ನೆ ಕೇಳಿ. ಆ ಮಗು ಅಡ್ಡಿ ಮಾಡ್ತಿದೆಯಾ, ಸುಮ್ಮನೆ ನಿಂತಿದೆಯಾ? ಸುಮ್ಮನೆ ನಿಂತಿದ್ದರೆ ಅದು ಸುದ್ದಿಯೇ ಅಲ್ಲ. ರಾಷ್ಟ್ರಗೀತೆ ಹಾಡುವಾಗ ಮೊಬೈಲ್ ಎತ್ತಿ ಪಕ್ಕದ ಮಗುವಿನ ಮುಖ ಶೂಟ್ ಮಾಡ್ತಿದ್ದವರು ಸಾವಧಾನದಲ್ಲಿ ನಿಂತಿದ್ದರಾ ಅಂತಲೂ ಕೇಳಬಹುದು.

ಕೊನೆಗೊಂದು ಮಾತು. 2023ರಲ್ಲಿ ನಮ್ಮ ರಾಜ್ಯ ಸರ್ಕಾರ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದಿಸೋದನ್ನೂ ಕಡ್ಡಾಯ ಮಾಡಿತು. ಅದೇ ಮಕ್ಕಳು ಆ ಪೀಠಿಕೆಯನ್ನು ಜೋರಾಗಿ ಓದ್ತಾರೆ. ಅದರಲ್ಲಿ ವಿಚಾರದ, ಅಭಿವ್ಯಕ್ತಿಯ, ನಂಬಿಕೆಯ ಸ್ವಾತಂತ್ರ್ಯದ ಮಾತಿದೆ. ಆ ಪುಟವನ್ನು ಓದಿಸಿ, ಮರುಕ್ಷಣವೇ ಒಂದು ಮಗುವಿನ ನಂಬಿಕೆಗೆ ಶಿಕ್ಷೆ ಕೊಟ್ಟರೆ, ಸಾಲಿನಲ್ಲಿ ನಿಂತ ಮಿಕ್ಕ ಮಕ್ಕಳು ಎರಡರಲ್ಲಿ ಯಾವುದನ್ನು ನಿಜ ಅಂತ ನಂಬಬೇಕು? ಮಕ್ಕಳು ನಾವು ಹೇಳಿದ್ದಕ್ಕಿಂತ ನಾವು ಮಾಡಿದ್ದನ್ನು ನೋಡಿ ಕಲೀತಾರೆ.